ತಲೆ ಹುಷಾರು

ಹೊಳಲ್ಕೆರೆ ಬಸ್‌ಸ್ಟ್ಯಾಂಡಿಗೆ ಯಾರನ್ನಾದರೂ ಬಸ್ ಹತ್ತಿಸಲು ಬಂದವರು ಕೊನೆಗೆ ಹೇಳುವ ಮಾತು ಒಂದೇ: ‘ಹುಷಾರು.’ ಜೇಬು ನೋಡಿಕೋ, ಕಿಟಕಿಯಾಚೆ ಕೈ ಹಾಕಬೇಡ, ಪಕ್ಕದವರು ಕೊಟ್ಟ ಬಿಸ್ಕತ್ತು ತಿನ್ನಬೇಡ, ಮುಟ್ಟಿದ ತಕ್ಷಣ ಫೋನ್ ಮಾಡು, ಎಲ್ಲವೂ ಅದರಲ್ಲೇ ಅಡಕ. ಬಸ್ಸು ಹೊರಟ ಮೇಲೂ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಓಡಿ ಇನ್ನೊಮ್ಮೆ ಹೇಳುವವರುಂಟು. ಆಗ ಹುಷಾರಾಗಿರಬೇಕಾದವರು ಅವರೇ.

ರೈಲಿನವರಿಗಂತೂ ಈ ಮಾತು ಇನ್ನೂ ಹೆಚ್ಚು ಬೇಕು. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ಹೋಗುವ ರಾತ್ರಿ ಗಾಡಿಯಲ್ಲಿ ಕಣ್ಣು ಹತ್ತಿತೋ, ಚಿಕ್ಕಜಾಜೂರಿನಲ್ಲಿ ಇಳಿಯಬೇಕಾದವರು ದಾವಣಗೆರೆಯಲ್ಲಿ ಕಣ್ಣು ಬಿಡುತ್ತಾರೆ. ಆ ಹೊತ್ತಿನಲ್ಲಿ ಬೆಣ್ಣೆದೋಸೆಯ ಸಮಾಧಾನವೂ ಇಲ್ಲ. ಅದಕ್ಕೂ ಮೊದಲು ಹೊಸದುರ್ಗ ರೋಡ್ ಎಂಬ ನಿಲ್ದಾಣವಿದೆ. ಪೂರ್ತಿ ಎಚ್ಚರವಿದ್ದು ಅಲ್ಲಿ ಇಳಿದವರಿಗೂ ಸಿಗುವುದು ರೋಡು ಮಾತ್ರ. ಹೊಸದುರ್ಗ ಬೇಕೆಂದರೆ ಮತ್ತೆ ಬಸ್ಸು ಹಿಡಿಯಬೇಕು.

ಇಷ್ಟೊಂದು ನಮ್ಮದಾಗಿಹೋದ ಈ ಪದದ ತವರು ಪಾರಸಿ. ‘ಹೋಶ್’ ಎಂದರೆ ಅರಿವು, ಎಚ್ಚರ. ಅದು ಉಳ್ಳವನು ಹೋಶಿಯಾರ್. ದರ್ಬಾರು, ದಂಡು, ಕಂದಾಯದ ಕಚೇರಿಗಳ ಬೆನ್ನು ಹತ್ತಿ ದಕ್ಷಿಣಕ್ಕೆ ಬಂದ ಪಾರಸಿ ಮಾತುಗಳು ಬೇಕಾದಷ್ಟಿವೆ. ಹಿರಿಯೂರಿನಿಂದ ತುಮಕೂರಿನ ಹೆದ್ದಾರಿ ಹಿಡಿದರೆ ಸಿಗುವ ಶಿರಾ ಒಂದು ಕಾಲಕ್ಕೆ ಮೊಗಲರ ಸುಬಾದ ಕೇಂದ್ರವೇ ಆಗಿತ್ತು. ಬಂದ ಪದ ಒಂದೊಂದು ಮನೆಯಲ್ಲಿ ಒಂದೊಂದು ಕೆಲಸಕ್ಕೆ ಸೇರಿಕೊಂಡಿತು. ಮರಾಠಿಯವರಿಗೆ ಹುಶಾರ್ ಎಂದರೆ ಜಾಣ ಹುಡುಗ, ತಮಿಳರಿಗೆ ಉಷಾರ್ ಎಂದರೆ ಜೋಪಾನ, ತೆಲುಗರಿಗೆ ಉತ್ಸಾಹ. ಕನ್ನಡದಲ್ಲಿ ಜಾಣನೂ ಆಯಿತು, ಜೋಪಾನವೂ ಆಯಿತು, ಸಾಲದೆಂದು ಡಾಕ್ಟರ ಹತ್ತಿರವೂ ಹೋಯಿತು: ‘ಮೈ ಹುಷಾರಿಲ್ಲ.’ ಹಿರಿಯೂರಿನಿಂದ ಪೂರ್ವಕ್ಕೆ ಹೋದರೆ ಆಂಧ್ರದ ಗಡಿ. ಆ ಕಡೆಯ ನೆಂಟರಿಗೆ ‘ಹುಷಾರಿಲ್ಲ, ಮದುವೆಗೆ ಬರಲಿಕ್ಕಾಗಲ್ಲ’ ಎಂದರೆ, ಬರಲು ಉತ್ಸಾಹವಿಲ್ಲ ಎಂದುಕೊಳ್ಳುವ ಅಪಾಯವಿದೆ. ಎಷ್ಟೋ ಸಲ ಅವರು ತಿಳಿದುಕೊಂಡದ್ದೇ ಸರಿ.

ಎಚ್ಚರಕ್ಕೂ ಆರೋಗ್ಯಕ್ಕೂ ಒಂದೇ ಪದ ಇಟ್ಟುಕೊಂಡದ್ದು ದಡ್ಡತನವೇನಲ್ಲ. ಮೂರು ದಿನ ಜ್ವರದಲ್ಲಿ ಮುಸುಕು ಹಾಕಿದ್ದ ಯಜಮಾನರು ‘ಬಾಗಿಲಲ್ಲಿ ಯಾರು? ಆ ಹಾಲು ಉಕ್ಕುತ್ತಿದೆಯಲ್ಲ, ಯಾರಿಗೂ ಕಾಣಲ್ವಾ?’ ಎಂದು ರೇಗಿದ ಗಳಿಗೆಗೆ ಮನೆಯವರು ‘ಹುಷಾರಾದರು’ ಎಂದು ಉಸಿರುಬಿಡುತ್ತಾರೆ. ಥರ್ಮಾಮೀಟರ್ ಹೇಳುವುದು ಆಮೇಲೆ. ಹಾಗೆ ನೋಡಿದರೆ ಮಾರಿಕಣಿವೆಗೂ ಹುಷಾರು ತಪ್ಪಿತ್ತು. ವೇದಾವತಿಗೆ ಕಟ್ಟಿದ ಆ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಅದು ಮಗ್ಗುಲು ಬದಲಿಸಲಿಲ್ಲ. ಕೋಡಿ ಬಿದ್ದ ಕೂಡಲೇ ನದಿ ಪಾತ್ರದವರು ಎಚ್ಚರದಿಂದಿರಬೇಕೆಂದು ಅಧಿಕಾರಿಗಳು ಸಾರಿದರು. ಜನ ಮಕ್ಕಳು ಮರಿ ಕಟ್ಟಿಕೊಂಡು, ಮಂಡಕ್ಕಿ ಗಂಟಿನ ಸಮೇತ ನೀರಿನ ಹತ್ತಿರಕ್ಕೇ ಹೋದರು. ಕಾಯಿಲೆಯವರನ್ನು ದೂರದಿಂದ ನೋಡಿ ಬರುವ ಪದ್ಧತಿ ನಮ್ಮಲ್ಲಿಲ್ಲ.

ಈಗ ಹುಷಾರಿನ ಜಾಗಕ್ಕೆ ಇಂಗ್ಲಿಷಿನ ‘ಕಾನ್ಶಿಯಸ್’ ಬಂದು ಕೂತಿದೆ. ಅದೂ ಏನು ಕಡಿಮೆಯಿಲ್ಲ. ಆಸ್ಪತ್ರೆಯಲ್ಲಿ ‘ಪೇಷೆಂಟ್ ಕಾನ್ಶಿಯಸ್’ ಎಂದರೆ ಜೀವಕ್ಕೆ ಜೀವ ಬಂದಂತೆ. ಅದೇ ಮದುವೆ ಮನೆಯಲ್ಲಿ ಹುಡುಗಿ ‘ಕ್ಯಾಮೆರಾ ಮುಂದೆ ಕಾನ್ಶಿಯಸ್ ಆಗ್ಬಿಡ್ತೀನಿ’ ಎಂದರೆ ಜೀವ ಹೋದಂತೆ. ಇನ್ನು ‘ಹೆಲ್ತ್ ಕಾನ್ಶಿಯಸ್’ ಎಂಬವರು ಎಲೆಯ ಮುಂದೆ ಕೂತು ಹೋಳಿಗೆ ಬೇಡವೆನ್ನುವವರು. ಹೊಸದುರ್ಗದ ಕಡೆ ತಲೆತಲಾಂತರದಿಂದ ಸಾವೆ ಅನ್ನ, ರಾಗಿಮುದ್ದೆ ಉಂಡು ಹೊಲಕ್ಕೆ ಹೋದವರನ್ನು ಯಾರೂ ಹಾಗೆ ಕರೆಯಲಿಲ್ಲ. ಸಾವೆಯನ್ನು ಅರ್ಧ ಕೇಜಿ ಪ್ಯಾಕೆಟ್ಟಿನಲ್ಲಿ ಬೆಂಗಳೂರಿನ ಮಾಲ್‌ನಿಂದ ತಂದವರಿಗೆ ಮಾತ್ರ ಆ ಬಿರುದು.

ಇಷ್ಟು ಹೇಳಿ ಓಬವ್ವನ ಹತ್ತಿರ ಹೋಗದಿದ್ದರೆ ಚಿತ್ರದುರ್ಗದವರು ಕ್ಷಮಿಸುವುದಿಲ್ಲ. ಏಳು ಸುತ್ತಿನ ಕೋಟೆ, ಹೊರಗೆ ಹೈದರಾಲಿಯ ದಂಡು, ಒಳಗೆ ಕಹಳೆ ಹಿಡಿದ ಕಾವಲುಗಾರ ಮುದ್ದಹನುಮ. ಎಚ್ಚರವಿರುವುದೇ ಅವನ ನೌಕರಿ. ಅವನು ಊಟಕ್ಕೆ ಕೂತ. ನನ್ನ ಮಟ್ಟಿಗೆ ಅದು ಅವನ ತಪ್ಪಲ್ಲ, ಹಸಿದವನು ಉಣ್ಣಲೇಬೇಕು. ಆ ಅರ್ಧ ಗಂಟೆಗೆ ಬದಲಿ ಆಳು ಹಾಕದಿದ್ದದ್ದು ಮೇಲಿನವರ ಕೆಲಸಗೇಡಿತನ. ಹೆಂಡತಿ ಓಬವ್ವ ನೀರಿಗೆಂದು ಹೋದಳು. ಅವಳಿಗೆ ಕಾವಲೂ ಇಲ್ಲ, ಸಂಬಳವೂ ಇಲ್ಲ. ಕೊಡ ಹಿಡಿದು ಹೋಗುವವರ ಕಣ್ಣು ಕೊಡದ ಮೇಲೆಯೇ ಇರುವುದಿಲ್ಲವಲ್ಲ. ಬೇರೆ ಕಡೆಯೂ ಸುಳಿಯುತ್ತದೆ. ಕಿಂಡಿಯಲ್ಲಿ ತಲೆಯೊಂದು ಕಂಡಿತು. ಊಟ ಮಾಡುವ ಗಂಡನನ್ನು ಎಬ್ಬಿಸುವ ಗೋಜಿಗೆ ಹೋಗದೆ ಒನಕೆ ತಂದಳು. 1972ರಲ್ಲಿ ಪುಟ್ಟಣ್ಣ ಕಣಗಾಲರು ‘ನಾಗರಹಾವು’ ಮಾಡಿದ ಮೇಲೆ ನಾಡಿಗೆಲ್ಲ ಓಬವ್ವನೆಂದರೆ ಜಯಂತಿಯವರ ಮುಖ. ಸರ್ಕಾರವೂ 2021ರಿಂದ ನವೆಂಬರ್ 11ಕ್ಕೆ ಅವಳ ಜಯಂತಿ ಮಾಡುತ್ತಿದೆ. ಮುದ್ದಹನುಮನ ಊಟ ಪೂರ್ತಿಯಾಯಿತೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಇವತ್ತಿಗೂ ಆ ಕಿಂಡಿಯ ಬಳಿ ಜನ ಸಾಲುಗಟ್ಟುತ್ತಾರೆ. ಬಗ್ಗಿ ನುಸುಳಬೇಕು, ಹೊಟ್ಟೆ ಇದ್ದವರು ಒಂದು ಗಳಿಗೆ ಯೋಚಿಸುತ್ತಾರೆ. ಹೊರಗೆ ನಿಂತ ಗೈಡು ‘ತಲೆ ಹುಷಾರು ಸಾರ್, ತಲೆ ಹುಷಾರು’ ಎನ್ನುತ್ತಲೇ ಇರುತ್ತಾನೆ. ಫೋನು ಮುಂದೆ ಚಾಚಿ ತಮ್ಮನ್ನೇ ನೋಡಿಕೊಳ್ಳುತ್ತ ಬರುವ ಒಬ್ಬರಾದರೂ ಬಂಡೆಗೆ ಬಡಿಸಿಕೊಂಡೇ ತೀರುತ್ತಾರೆ. ಅವರು ಹಣೆ ಉಜ್ಜಿಕೊಳ್ಳುತ್ತ ಆಚೆ ಬಂದಾಗ ಗೈಡು ಪದ ಬದಲಿಸುವುದಿಲ್ಲ, ರಾಗ ಮಾತ್ರ ಬದಲಿಸುತ್ತಾನೆ: ‘ಹುಷಾರಾಗಿದೀರಾ ಸಾರ್?’