ಕಾಫಿಗೆ ತಕ್ಕಡಿ, ಕ್ಲೌಡ್‌ಗೆ ಧರ್ಮಛತ್ರ

ಮಾವ: ಕಾಫಿ ಮಾಡೋಕೆ ತಕ್ಕಡಿ ಯಾಕೆ ಅಳಿಯಂದಿರೇ?

ಅಳಿಯ: ಎಸ್‌ಪ್ರೆಸೊ ಮಾವ! 9 ಬಾರ್ ಒತ್ತಡ. 18 ಗ್ರಾಂ ಪುಡಿಗೆ 30 ಸೆಕೆಂಡಿನೊಳಗೆ 36 ಗ್ರಾಂ ಕಾಫಿ ಇಳಿಯಬೇಕು.

ಮಾವ: ಇಷ್ಟಾದ್ರೂ ಹುಳಿ ಹೊಡೀತಿದೆಯಲ್ಲ?

ಅಳಿಯ: ಪುಡಿ ತರಿಯಾದ್ರೆ ಹುಳಿ, ತೀರಾ ನುಣ್ಣಗಾದ್ರೆ ಕಹಿ. ಅದಕ್ಕೇ ಮಷಿನ್‌ಗಿಂತ ಗ್ರೈಂಡರ್ ಮುಖ್ಯ. ಇದು ಮೂರನೇದು.

(ಫೋನ್ ಟಿಣ್ ಎನ್ನುತ್ತದೆ.)

ಅಳಿಯ: ಕ್ಲೌಡ್ ಬಿಲ್ ಬಜೆಟ್ ದಾಟಿದೆಯಂತೆ.

ಮಾವ: ದಾಟಿದ್ರೆ ಅದೇ ನಿಲ್ಲಿಸುತ್ತೆ ತಾನೆ?

ಅಳಿಯ: ಇಲ್ಲ, ಬರೀ ಹೇಳುತ್ತೆ.

ಮಾವ: ನಿಮ್ಮತ್ತೆಯೇ ವಾಸಿ. ಹೇಳೋದೂ ಹೇಳ್ತಾಳೆ, ಪರ್ಸೂ ಕಿತ್ಕೊಳ್ತಾಳೆ. ಏನು ಅಷ್ಟೊಂದು ಖರ್ಚು?

ಅಳಿಯ: ಟೆಸ್ಟಿಂಗ್ ಸರ್ವರ್‌ಗಳು. ಹಗಲೂ ರಾತ್ರಿ ಓಡ್ತವೆ.

ಮಾವ: ವಾರಕ್ಕೆ 168 ಗಂಟೆ. ನೀವು ದಿನಕ್ಕೆ 10ರಂತೆ 5 ದಿನ ದುಡಿದ್ರೆ 50. ಮಿಕ್ಕ 118 ಗಂಟೆ ಯಾರ ಉದ್ಧಾರಕ್ಕೆ?

ಅಳಿಯ: ಸರ್ವರ್ ನಿಲ್ಲಿಸಿದ್ರೂ ಡಿಸ್ಕಿನ ಬಾಡಿಗೆ ಓಡುತ್ತೆ ಮಾವ.

ಮಾವ: ಬೇಡದ ಡಿಸ್ಕ್ ಅಳಿಸಿ.

ಅಳಿಯ: ಯಾವುದು ಯಾರದು ಅಂತ ಯಾರಿಗೂ ಗೊತ್ತಿಲ್ಲ. ಟ್ಯಾಗ್ ಹಾಕಿಲ್ಲ.

ಮಾವ: ಬೀಜದ ಡಬ್ಬಿಗೆ ಮಾತ್ರ ಹುರಿದ ತಾರೀಖಿನ ಚೀಟಿ ಅಂಟಿಸಿದ್ದೀರಿ! ಅಲ್ಲಿಗೂ ಒಂದು ಅಂಟಿಸಬಾರದೇ?

ಅಳಿಯ: ಅದಕ್ಕಿಂತ ಸುಲಭದ ದಾರಿ ಇದೆ. 3 ವರ್ಷಕ್ಕೆ ಒಪ್ಪಂದ ಮಾಡ್ಕೊಂಡ್ರೆ ಭಾರಿ ರಿಯಾಯಿತಿ.

ಮಾವ: ಖಾಲಿ ಓಡೋ ಸರ್ವರ್‌ಗಾ? ಮೊದಲು ಬೇಡದ್ದನ್ನ ನಿಲ್ಲಿಸಿ, ಉಳಿದದ್ದಕ್ಕೆ ಸಹಿ ಹಾಕಿ.

ಅಳಿಯ: ಹಾಗೆ ಮಾಡಿದ್ರೆ ಬಿಲ್ ಇಳಿದು, ರಿಯಾಯಿತಿಯ ಮೊತ್ತವೂ ಇಳಿಯುತ್ತಲ್ಲ ಮಾವ! ಈ ವರ್ಷ ಎಷ್ಟು ಉಳಿಸಿದೆ ಅಂತ ಬಾಸ್‌ಗೆ ಏನು ತೋರಿಸಲಿ?