ಗಿಡ ಬಿಡು, ಮಾಳಿಗಿ ಹತ್ತು

ಹೈದರಾಬಾದಿನಲ್ಲಿ ಮನೆ ಕಟ್ಟಿಸುವವರು ಕಾಂಪೌಂಡ್ ಗೋಡೆಯನ್ನು ಎದೆಮಟ್ಟಕ್ಕಿಂತ ಎತ್ತರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಾರ್ಚಿನಿಂದ ಜೂನ್‌ವರೆಗೆ ಈ ಊರಿನ ಮನೆಗೆಲಸವೆಲ್ಲ ತೀರ್ಮಾನವಾಗುವುದು ಆ ಗೋಡೆಯ ಮೇಲೆಯೇ. ಫೋನ್ ಎತ್ತುವ ಪ್ಲಂಬರ್ ಯಾರು, ಕೂಲರ್ ಹುಲ್ಲಿಗೆ ಈ ವರ್ಷ ಎಷ್ಟು ಹೇಳುತ್ತಿದ್ದಾರೆ, ನೀರು ಬಿಡುವುದು ಇವತ್ತೋ ನಾಳೆಯೋ, ಇದನ್ನೆಲ್ಲ ಬೆಳಿಗ್ಗೆ ಬಿಸಿಲೇರುವ ಮೊದಲು ಗೋಡೆಗೆ ಮೊಣಕೈ ಊರಿ ನಿಂತವರಿಗಷ್ಟೇ ಗೊತ್ತು.

ನಮ್ಮ ಗೋಡೆಯಾಚೆ ರಾಯಚೂರಿನ ಅವ್ವಾರು ಇದ್ದಾರೆ. ಕಾಚಿಗುಡದ ಸುತ್ತಮುತ್ತ ಇಂಥ ಮನೆಗಳು ಅಪರೂಪವಲ್ಲ. 1956ರ ನವೆಂಬರ್ ಒಂದರವರೆಗೆ ರಾಯಚೂರು, ಕಲಬುರಗಿ, ಬೀದರದವರಿಗೆ ರಾಜಧಾನಿ ಎಂದರೆ ಹೈದರಾಬಾದೇ. ಗಡಿ ಸರಿದಾಗ ಊರುಗಳು ಆಚೆ ಹೋದವು, ನೌಕರಿಗೆಂದು ಬಂದಿದ್ದ ಎಷ್ಟೋ ಸಂಸಾರಗಳು ಇಲ್ಲೇ ಉಳಿದವು. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಎರಡೂ ಇದೇ ಕಾಚಿಗುಡದಲ್ಲಿವೆ. ಅವ್ವಾರ ಮಕ್ಕಳು ಕಲಿತದ್ದೂ ಆ ಶಾಲೆಯಲ್ಲೇ. ನಾನು ಮೈಸೂರು ಕಡೆಯವಳು. ಹಾಗಾಗಿ ಬಿಸಿಲೆಂದರೇನು ಎಂದು ನನಗೆ ಗೊತ್ತಿಲ್ಲ ಎಂಬುದು ಅವರ ಭದ್ರವಾದ ನಂಬಿಕೆ.

“ಏ ತಂಗಿ, ಬ್ಯಾಸಗ್ಯಾಗ ಗಿಡಕ್ಕ ಕತ್ತರಿ ಹಚ್ಚಬ್ಯಾಡ. ಅದೂ ನಮ್ಮಂಗ ಜೀವ ಹಿಡಕೊಂಡು ಕುಂತಿರ್ತದ.”

“ದಾಸವಾಳ ಅಡ್ಡಾದಿಡ್ಡಿ ಬೆಳೆದಿದೆ ಅವ್ವಾರೇ.”

“ಬೆಳಿಲಿ ಬಿಡು. ನಿನಗೇನ್ ಮದುವಿ ಮಾಡೋದೈತೇನು ಅದಕ್ಕ?”

ಮಾತು ಒರಟಾದರೂ ವಿಷಯ ಸರಿ. ಕತ್ತರಿಸಿದ ಕಡೆ ಎಳೆ ಚಿಗುರು ಒಡೆಯುತ್ತದೆ. ನಲವತ್ತು ದಾಟುವ ಬಿಸಿಲಿಗೆ ಅದು ಎರಡೇ ದಿನದಲ್ಲಿ ಕರಕಾಗುತ್ತದೆ, ಉಳಿದರೆ ಹಿಟ್ಟುತಿಗಣೆ ಬಂದು ಮುತ್ತುತ್ತದೆ. ಒಣಗಿದ ಮಣ್ಣಿಗೆ ಯೂರಿಯಾ ಹಾಕಿದರೆ ಬೇರೇ ಸುಡುತ್ತದೆ. ಕುಂಡ ಬದಲಿಸಹೋದರೆ ನೀರು ಹೀರುವ ಸಣ್ಣ ಬೇರುಗಳು ಹರಿದು, ಮಳೆಗಾಲದಲ್ಲಾದರೆ ತಾನೇ ಸುಧಾರಿಸಿಕೊಳ್ಳುವ ಗಿಡ ಮೇ ತಿಂಗಳಲ್ಲಿ ಬಾಡಿಹೋಗುತ್ತದೆ. ಹಾಗಿದ್ದೂ ಮಕ್ಕಳಿಗೆ ರಜೆ, ನಮಗೆ ಪುರುಸೊತ್ತು ಎಂಬ ಒಂದೇ ಕಾರಣಕ್ಕೆ ನಾವೆಲ್ಲ ತೋಟಗಾರಿಕೆಗೆ ಇಳಿಯುವುದು ಸರಿಯಾಗಿ ಇದೇ ತಿಂಗಳುಗಳಲ್ಲಿ. ನರ್ಸರಿಯವರೂ ಬೇಡ ಎನ್ನುವುದಿಲ್ಲ, ಸತ್ತ ಗಿಡದ ಜಾಗಕ್ಕೆ ಇನ್ನೊಂದು ಮಾರಬಹುದಲ್ಲ.

ಬೇಸಗೆಯಲ್ಲಿ ಗಿಡ ಕೇಳುವುದು ನೀರು, ನೆರಳು ಎರಡನ್ನೇ. ನೀರನ್ನು ಬೆಳಗಿನ ಜಾವ ಬುಡಕ್ಕೆ ನಿಧಾನವಾಗಿ ಹಾಕಬೇಕು. ಕುಂಡಗಳನ್ನು ಪಡುವಣ ಗೋಡೆಯಿಂದ ಎಬ್ಬಿಸಿ ಮೂಡಣಕ್ಕೆ ತಂದು ಒತ್ತೊತ್ತಾಗಿ ಇಡಬೇಕು. ನಾನು ಹಸಿರು ಬಲೆ ಕೊಂಡು ತಂದೆ. ಅವ್ವಾರು ಹಳೆಯ ಇಳಕಲ್ ಸೀರೆ ಕಟ್ಟಿದ್ದಾರೆ. ಅವರ ಮಲ್ಲಿಗೆಯೇ ಜಾಸ್ತಿ ಬಿಡುತ್ತಿದೆ, ಅದಕ್ಕೆ ಕಾರಣ ಸೀರೆಯಲ್ಲ ಎಂದು ನಾನು ವಾದಿಸುತ್ತಲೇ ಇದ್ದೇನೆ. ಇನ್ನು ಅವರ ಬೇವಿನ ಮರ ಫೆಬ್ರವರಿ, ಮಾರ್ಚಿನಲ್ಲಿ ಉದುರಿಸುವ ಎಲೆಯಲ್ಲಿ ಅರ್ಧ ಬೀಳುವುದು ನಮ್ಮ ಅಂಗಳಕ್ಕೆ. ಮೊದಮೊದಲು ಅದು ತಕರಾರಿನ ವಿಷಯವಾಗಿತ್ತು. ಈಗ ನಾನು ಒಂದು ಎಲೆಯನ್ನೂ ಹಿಂದಿರುಗಿಸುವುದಿಲ್ಲ. ಗಿಡಗಳ ಬುಡಕ್ಕೆ ದಪ್ಪಗೆ ಹೊದಿಸಿದರೆ ಮಣ್ಣು ಸಂಜೆಯವರೆಗೂ ಹಸಿಯಾಗಿರುತ್ತದೆ.

ನೀರಿನ ಮಾತು ಬಂದರೆ ಗೋಡೆ ಬಿಟ್ಟು ಒಳಗೆ ಹೋಗುವುದು ಕಷ್ಟ. ನಮ್ಮ ಕಡೆ ನಲ್ಲಿ ಬರುವುದು ದಿನ ಬಿಟ್ಟು ದಿನ. ತಿಂಗಳಿಗೆ 20,000 ಲೀಟರ್ ಉಚಿತ ಎಂಬ ಯೋಜನೆ 2021ರಿಂದ ಇದೆ, ಆದರೆ ಉಚಿತದ ಲೆಕ್ಕ ಹಾಕಬೇಕಾದರೆ ಮೊದಲು ನೀರು ಬರಬೇಕಲ್ಲ! ಹೈದರಾಬಾದಿಗೆ ಕುಡಿಯುವ ನೀರು ಕೊಡುವ ನದಿಗಳಲ್ಲಿ ಮಾಂಜ್ರಾ ಒಂದು. ಅದು ಮಹಾರಾಷ್ಟ್ರದಲ್ಲಿ ಹುಟ್ಟಿ, ಬೀದರ್ ಜಿಲ್ಲೆಯನ್ನು ದಾಟಿ ತೆಲಂಗಾಣಕ್ಕೆ ಬರುತ್ತದೆ. “ನಮ್ಮ ಬೀದರದ ನೀರು, ದಂಡ ಮಾಡಬ್ಯಾಡ” ಎಂದು ಅವ್ವಾರು ಗದರುವುದು ಅದಕ್ಕೇ. ಗಂಡಿಪೇಟದ ಉಸ್ಮಾನ್ ಸಾಗರದ ಮೇಲೆ ನಾನೂ ಹಕ್ಕು ಸಾಧಿಸುತ್ತೇನೆ. 1908ರಲ್ಲಿ ಮೂಸಿ ನದಿ ಉಕ್ಕಿ ಊರು ಕೊಚ್ಚಿದ ಮೇಲೆ ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯ ಫಲವಾಗಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು 1920ರ ದಶಕದ ಹೊತ್ತಿಗೆ ಎದ್ದವು. ಹೀಗೆ ನಾವಿಬ್ಬರೂ ನಗರದ ನೀರನ್ನು ಹಂಚಿಕೊಂಡು ಮುಗಿಸುವಷ್ಟರಲ್ಲಿ ಟ್ಯಾಂಕರ್‌ನವನು ಬೇರೆ ಬೀದಿಗೆ ಹೋಗಿರುತ್ತಾನೆ.

ಎಸಿಯಿಂದ ತೊಟ್ಟಿಕ್ಕುವ ನೀರಿಗೆ ಇಬ್ಬರ ಮನೆಯಲ್ಲೂ ಬಕೆಟ್ ಇದೆ. ಅದರಲ್ಲಿ ಉಪ್ಪಿನ ಅಂಶ ಇಲ್ಲ, ಗಿಡಕ್ಕೆ ಹಾಕಬಹುದು. ಕುಡಿಯುವ ನೀರಿನ ಫಿಲ್ಟರ್ ಹೊರಗೆ ಬಿಡುವ ನೀರು ಮಾತ್ರ ನೆಲ ಒರೆಸಲು, ಪಾಯಿಖಾನೆಗೆ ಅಷ್ಟೇ. ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ, ದಿನಾ ಕುಂಡಕ್ಕೆ ಸುರಿದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ.

ಅವ್ವಾರಿಗೆ ಎಸಿ ಆಗದು, ಮೊಣಕಾಲು ಹಿಡಿದುಕೊಳ್ಳುತ್ತದಂತೆ. ಅವರದು ಕಬ್ಬಿಣದ ಮೈಯ ದೊಡ್ಡ ಕೂಲರ್. ಇಲ್ಲಿನ ಒಣ ಗಾಳಿಗೆ ಅದಕ್ಕಿಂತ ಒಳ್ಳೆಯ ಯಂತ್ರವಿಲ್ಲ. ಮಂಗಳೂರಿನ ಸೆಕೆಯಲ್ಲಿ ಕೂಲರ್ ಹಾಕಿದರೆ ಮೈಯಂಟು ಹೆಚ್ಚೀತೇ ಹೊರತು ತಂಪಾಗದು; ಇಲ್ಲಿ ಏಪ್ರಿಲ್, ಮೇಯಲ್ಲಿ ಹುಲ್ಲಿನ ನೀರು ಆರುತ್ತಾ ಆರುತ್ತಾ ಗಾಳಿ ತಣ್ಣಗಾಗುತ್ತದೆ. ಕಿಟಕಿ ಬಾಗಿಲು ಮುಚ್ಚಿ ಕೂಲರ್ ಹಾಕುವವರ ಮೇಲೆ ಅವ್ವಾರಿಗೆ ತಿರಸ್ಕಾರ. ಗಾಳಿ ಹೊರಹೋಗಲು ದಾರಿ ಬೇಡವೇ? ಪ್ರತಿ ಮಾರ್ಚಿನಲ್ಲಿ ಹಳೆ ಹುಲ್ಲು ಕಿತ್ತು ಹೊಸದು ತುಂಬಿಸುತ್ತಾರೆ, ಒಂದು ಬದಿಗಾದರೂ ಲಾವಂಚ ಇರಲೇಬೇಕು. ಬೋರಿನ ಗಡಸು ನೀರು ಕಟ್ಟಿದ ಉಪ್ಪನ್ನು ಕೆರೆದು, ಪಂಪಿನ ಜಾಲರಿ ತೊಳೆಸುತ್ತಾರೆ. ಅರ್ಥಿಂಗ್ ನೋಡಿಸದೆ ಸ್ವಿಚ್ ಮುಟ್ಟುವುದಿಲ್ಲ, ಪ್ಲಗ್ ಕೀಳದೆ ನೀರು ತುಂಬುವುದಿಲ್ಲ. ಇದರಲ್ಲಿ ಅವರು ಹಟಮಾರಿ, ಹಾಗೇ ಇರಬೇಕು. ಕಬ್ಬಿಣ, ನೀರು, ಕರೆಂಟು ಒಂದೆಡೆ ಸೇರಿದ ಯಂತ್ರ ಅದು.

ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ ಒಣಗಿಸುವುದನ್ನು ಮಾತ್ರ ನಾನೇ ನೆನಪಿಸಬೇಕು. ನಿಂತ ತಿಳಿನೀರಿನಲ್ಲಿ ಡೆಂಗಿ ಸೊಳ್ಳೆ ಇಟ್ಟ ಮೊಟ್ಟೆ ವಾರ, ಹತ್ತು ದಿನದಲ್ಲಿ ರೆಕ್ಕೆ ಬಿಚ್ಚುತ್ತದೆ. ಸೊಳ್ಳೆಯ ವಿಷಯದಲ್ಲಿ ಈ ಊರಿಗೆ ಕೀರ್ತಿಯೂ ಇದೆ. ಮಲೇರಿಯಾದ ರೋಗಾಣುವನ್ನು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದು 1897ರ ಆಗಸ್ಟ್ 20ರಂದು, ಇಲ್ಲೇ ಸಿಕಂದರಾಬಾದಿನಲ್ಲಿ. ಹುಸೇನ್ ಖಾನ್ ಎಂಬ ರೋಗಿಗೆ ಸೊಳ್ಳೆ ಕಚ್ಚಿಸಿ, ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆ ಕೊಟ್ಟಿದ್ದನಂತೆ ಆತ. ಇದನ್ನು ಹೇಳಿದಾಗ ಅವ್ವಾರು ಕೆಲಸದ ಹುಡುಗನನ್ನು ಕೂಗಿದರು: “ಏ, ತೊಟ್ಟಿ ಖಾಲಿ ಮಾಡೋ! ಈಗ ಯಾರೂ ಆಣೆ ಕೊಡಂಗಿಲ್ಲ, ಪುಕ್ಕಟ ಕಚ್ಚತಾವ.”

ಅವರ ನಿಜವಾದ ಕಾಳಜಿ ಮಾಳಿಗೆಯದು. ರಾಯಚೂರಿನ ಅವರ ತವರುಮನೆ ಮಣ್ಣಿನ ಮಾಳಿಗೆಯದು. ಪ್ರತಿ ಬೇಸಗೆಯಲ್ಲೂ ಬಂಡಿಯಲ್ಲಿ ಸವಳು ಮಣ್ಣು ತಂದು ಮೇಲೆ ಹರಡಿ ಬಡಿಯುತ್ತಿದ್ದರು. ಏನೂ ಬೆಳೆಯದ ಆ ಉಪ್ಪು ಮಣ್ಣು ನೀರು ಬಿದ್ದೊಡನೆ ನುಣ್ಣಗೆ ಕರಗಿ ಸಂದುಗಳನ್ನು ಮುಚ್ಚಿಬಿಡುತ್ತದೆ, ಆಮೇಲೆ ಹನಿ ಇಳಿಯದು. ರೋಹಿಣಿಯೊಳಗೆ ಆ ಕೆಲಸ ಮುಗಿಯಬೇಕು, ಮೃಗಶಿರಾ ಹೊಕ್ಕಿತೆಂದರೆ ಮುಗಿಯಿತು. ಈಗ ಮಣ್ಣಿನ ಜಾಗಕ್ಕೆ ಆರ್‌ಸಿಸಿ ಬಂದಿದೆ, ಅವರ ಪಂಚಾಂಗ ಬದಲಾಗಿಲ್ಲ. ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವ ಕಾಂಕ್ರೀಟು ಬಿರುಕು ಬಿಡುವುದೂ ಇದೇ ತಿಂಗಳುಗಳಲ್ಲಿ. ಒಣಗಿದ್ದಾಗಲೇ ಅದು ಕಣ್ಣಿಗೆ ಕಾಣುವುದು, ತುಂಬಿದ್ದು ಹಿಡಿದುಕೊಳ್ಳುವುದು. ಬಿರುಕು ತುಂಬಿ, ಮೇಲೆ ಬಿಳಿ ಬಣ್ಣ ಬಳಿಸಿದರೆ ಎರಡು ಕೆಲಸ ಒಮ್ಮೆಗೇ ಆದವು. ತೆಲಂಗಾಣ ಸರ್ಕಾರ ತಂಪು ಮಾಳಿಗೆಗೆಂದೇ 2023ರಲ್ಲಿ ಒಂದು ನೀತಿ ತಂದು, 600 ಚದರ ಗಜ ಮತ್ತು ಮೇಲ್ಪಟ್ಟ ನಿವೇಶನದ ಹೊಸ ಮನೆಗಳಿಗೆ ಕಡ್ಡಾಯ ಮಾಡಿತು. ನಮ್ಮಂಥ ಸಣ್ಣ ಮನೆಗಳಿಗೆ ಇಷ್ಟವಿದ್ದರೆ. ಒಂದೆರಡು ಡಿಗ್ರಿ ಇಳಿದರೂ ಮಧ್ಯಾಹ್ನದ ನಿದ್ದೆಗೆ ಅದು ದೊಡ್ಡ ಉಪಕಾರ.

ಬೇಸಗೆಯ ಕೆಲಸವೆಲ್ಲ ಮಳೆಗಾಗಿಯೇ ಎಂಬುದು ಅವ್ವಾರ ಸಿದ್ಧಾಂತ, ಈ ಊರನ್ನು ಮುಳುಗಿಸಿದ 2020ರ ಅಕ್ಟೋಬರ್ ಮಳೆಯನ್ನು ಕಂಡ ಯಾರೂ ಅದನ್ನು ಅಲ್ಲಗಳೆಯಲಾರರು. ಮಾಳಿಗೆಯ ಪೈಪಿನ ಬಾಯಲ್ಲಿ ಕೂತ ಬೇವಿನೆಲೆ, ಪಾರಿವಾಳದ ಗೂಡು, ಕಳೆದ ವರ್ಷದ ಗಾಳಿಪಟ ತೆಗೆಯದಿದ್ದರೆ ಹೊಸ ಬಣ್ಣವೂ ಕೊಳದ ತಳವೇ ಆಗುತ್ತದೆ.

ಎರಡೂ ಮನೆಯ ಆ ಪೈಪುಗಳು ಇಳಿಯುವುದು ಗೋಡೆಯ ಬುಡದ ಇಂಗುಗುಂಡಿಗೆ. ಇಲ್ಲಿ ಮೊರಂ ಮಣ್ಣು ತೆಳುವು, ಕೆಳಗೆಲ್ಲ ಬಂಡೆ. ಇಂಗಿದ ಹನಿಯಷ್ಟೇ ಬೋರಿಗೆ ಆಧಾರ. ಗುಂಡಿಯ ತಳಕ್ಕೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಮರಳು. ವರ್ಷದ ಹೂಳು ಕೂರುವುದು ಮರಳಿನಲ್ಲಿ, ಬೇಸಗೆಯಲ್ಲಿ ಅದನ್ನು ತೆಗೆದು ತೊಳೆದು ಹಾಕಬೇಕು. ಕೂಲಿ ಯಾರು ಕೊಡಬೇಕು ಎಂಬುದು ಈ ವಾರದ ಚರ್ಚೆ. ಗುಂಡಿ ಮುಕ್ಕಾಲು ಅವರ ಕಡೆ ಇದೆ ಎಂದು ನಾನು, ನೀರು ಮುಕ್ಕಾಲು ನನ್ನ ಬೋರಿಗೇ ಹೋಗುತ್ತದೆ ಎಂದು ಅವರು. ಅಷ್ಟರಲ್ಲಿ ಮೊನ್ನೆ ಸಂಜೆಯ ಗಾಳಿಗೆ ಅವರ ಬೇನಿಶಾನ್ ಮಾವಿನ ಕಾಯಿಗಳು ಒಂದು ಬುಟ್ಟಿಯಷ್ಟು ನಮ್ಮ ಅಂಗಳಕ್ಕೆ ಉದುರಿದವು.

“ಅರ್ಧ ಕೂಲಿ ನಾ ಕೊಡ್ತೀನಿ,” ಎಂದರು ಅವ್ವಾರು, ಗೋಡೆಯ ಮೇಲೆ ಖಾಲಿ ಬುಟ್ಟಿ ಇಟ್ಟು. “ಕಾಯಿ ಎಣಿಸಿ ಹಾಕು. ಸೊಪ್ಪು ನಿಂದು ಅಂತ ಹೇಳಿದ್ದೆ, ಕಾಯಿ ನಿಂದು ಅಂತ ಎಂದರ ಹೇಳೀನೇನು?”