ಡಿಪಿ ಮೀಮಾಂಸೆ

ಇನ್ನು ಡಿಪಿ ಜಿಜ್ಞಾಸೆ. ಅನ್ಯಾಯ ಕಂಡಾಗ ಜಾಗೃತ ಪ್ರಜೆ ಮೊದಲು ಏನನ್ನು ಬದಲಿಸಬೇಕು? ಲೋಕವನ್ನು ಎಂಬುದು ಪ್ರಾಚೀನರ ಮತ. ಅದು ಭಾರವಾದ್ದರಿಂದ ಅದರಲ್ಲಿ ಗೌರವದೋಷವಿದೆ, ಲಾಘವನ್ಯಾಯದಿಂದ ಡಿಪಿಯನ್ನು ಎಂಬುದೇ ಸಿದ್ಧಾಂತ.

ಪ್ರಮಾಣವಿಚಾರ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕಕ್ಕೇ ನಿಂತರು. ಪಾಪ, ಅವರ ಕಾಲದಲ್ಲಿ ಸ್ಕ್ರೀನ್‌ಶಾಟ್ ಇರಲಿಲ್ಲ. ಈ ಐದನೆಯದು ಬಂದ ಮೇಲೆ ಮಿಕ್ಕವಕ್ಕೆ ಕೆಲಸವಿಲ್ಲ. ಅನುಮಾನವೊಂದು ಮಾತ್ರ, ಪಕ್ಕದ ಮನೆಯವರು ಇನ್ನೂ ಯಾಕೆ ಸ್ಟೇಟಸ್ ಹಾಕಿಲ್ಲ ಎಂಬ ವಿಷಯದಲ್ಲಿ ಉಳಿದುಕೊಂಡಿದೆ.

ಉದಾಹರಣೆ. ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮೊಣಕಾಲಡಿ ಜಾರ್ಜ್ ಫ್ಲಾಯ್ಡ್ ಸತ್ತ ಮರುವಾರ, 2020ರ ಜೂನ್ 2ರಂದು, ಇನ್‌ಸ್ಟಾಗ್ರಾಂನಲ್ಲಿ ಎರಡು ಕೋಟಿಗೂ ಮೀರಿ ಕಪ್ಪು ಚೌಕಗಳು ಬಿದ್ದವು. ಸಂಗೀತೋದ್ಯಮದ ಇಬ್ಬರು ಕಪ್ಪು ಮಹಿಳೆಯರು ಕೇಳಿದ್ದು ಒಂದು ದಿನ ವ್ಯವಹಾರ ನಿಲ್ಲಿಸಿ ಎಂದು. ಜನ ಅದನ್ನು ಸುಲಭ ಮಾಡಿಕೊಂಡರು. ಚೌಕದ ಜೊತೆಗೆ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಹ್ಯಾಶ್‌ಟ್ಯಾಗನ್ನೂ ಅಂಟಿಸಿದ್ದರಿಂದ, ಪ್ರತಿಭಟನೆ ಎಲ್ಲಿ, ದೇಣಿಗೆ ಯಾರಿಗೆ ಎಂಬ ಮಾಹಿತಿಯೆಲ್ಲ ಕಪ್ಪಿನಡಿ ಹೂತುಹೋಯಿತು. ದಯವಿಟ್ಟು ಆ ಟ್ಯಾಗ್ ಬೇಡ ಎಂದು ಚಳವಳಿಗಾರರೇ ಗೋಗರೆದರು. ಬೆಂಬಲದಲ್ಲಿ ಚಳವಳಿ ಹೀಗೆ ಲೀನವಾಗುವುದಕ್ಕೆ ಸಾಯುಜ್ಯವೆಂದು ಹೆಸರು.

ಇನ್ನೊಂದು ಉದಾಹರಣೆ. 2024ರ ಮೇ ತಿಂಗಳಲ್ಲಿ ಗಾಜಾದ ರಫಾದ ಹೆಸರಲ್ಲಿ ನಾಲ್ಕು ಕೋಟಿಗೂ ಹೆಚ್ಚು ಬಾರಿ ಹಂಚಿಕೆಯಾದ ಚಿತ್ರವನ್ನು ಬಿಡಿಸಿದ್ದು ಕೃತಕ ಬುದ್ಧಿಮತ್ತೆ. ಸಾಲುಸಾಲು ಗುಡಾರ, ಹಿಂದೆ ಹಿಮ ಮೆತ್ತಿದ ಬೆಟ್ಟ. ಗಾಜಾದಲ್ಲಿ ಹಿಮದ ಬೆಟ್ಟ ಎಲ್ಲಿಂದ ಬಂತು ಎಂಬ ಆಕ್ಷೇಪ ಸಲ್ಲದು. ಸುಟ್ಟ ಗುಡಾರದ ನಿಜವಾದ ಫೋಟೊ ಹಾಕಿದರೆ ಅದರ ಮುಂದಿನ ಸ್ಟೋರಿಯಲ್ಲಿ ಮಸಾಲೆದೋಸೆ ಹಾಕುವುದು ಹೇಗೆ?

ಪೂರ್ವಪಕ್ಷ: ಬೆಂಗಳೂರಿನಲ್ಲಿ ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಕಟ್ಟುವ ಯೋಜನೆ 2017ರ ಮಾರ್ಚ್‌ನಲ್ಲಿ ರದ್ದಾಯಿತಲ್ಲ, ಅದಕ್ಕೂ ಹ್ಯಾಶ್‌ಟ್ಯಾಗ್ ಇತ್ತಲ್ಲ? ಇತ್ತು. ಆದರೆ 2016ರ ಅಕ್ಟೋಬರ್‌ನಲ್ಲಿ ಸೇತುವೆ ಬೇಡವೆಂದ ಜನ ಕೈಕೈ ಹಿಡಿದು ರಸ್ತೆಬದಿಯಲ್ಲಿ ನಿಂತಿದ್ದರು, ಕೋರ್ಟಿಗೂ ಹೋಗಿದ್ದರು. ಇದು ಕಲಬೆರಕೆ. ಶುದ್ಧ ಹೋರಾಟವು ನಿಷ್ಕಾಮ ಕರ್ಮ: ಸಂತ್ರಸ್ತರಿಗೆ ಫಲವನ್ನು ಬಯಸಬಾರದು. ಲೈಕು ಫಲವಲ್ಲ, ಪ್ರಸಾದ.

ಕೊನೆಗೆ ಆಯುಷ್ಯವಿಚಾರ. ಸ್ಟೇಟಸ್ 24 ಗಂಟೆಗೆ ತಾನೇ ಅಳಿಯುತ್ತದೆ. ಆದ್ದರಿಂದ ಅನ್ಯಾಯವೂ ಅಷ್ಟರೊಳಗೆ ಮುಗಿದಿರಬೇಕೆಂದು ಅರ್ಥಾಪತ್ತಿ. ಮುಗಿಯದಿದ್ದರೆ ಅದು ಅನ್ಯಾಯದ ಅಶಿಸ್ತು.